65ರಾಗ ನಿಮ್ಮ ನೇವಿ ಎಲ್ಲಿತ್ತಪಾ?

ಗುಡಗೇರಿ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ನಮ್ಮಿಬ್ಬರದು ಹಳೆಯ ಜಗಳ. ಸುಬೇದಾರ ಕಾಕಾ ಎಂಬತ್ತು ದಾಟಿದವರು, 1965ರಲ್ಲಿ ಉರಿ ಕಡೆ ಮಿಲಿಟರಿ ಲಾರಿ ಓಡಿಸಿದವರು. ನಾನು ನೇವಿಯಲ್ಲಿ ಬಾಯ್ಲರ್ ಕಾಯ್ದವ. ಗಿರ್ಮಿಟ್ ತಟ್ಟೆ ಮುಂದೆ ಬಂದರೆ ಸಾಕು, ಕಾಕಾ ಸುರು ಮಾಡುತ್ತಾರೆ. "ಎಲ್ಲಾ ಖರೇನಪಾ, 65ರಾಗ ನಿಮ್ಮ ನೇವಿ ಎಲ್ಲಿತ್ತು? ಪಾಕಿಸ್ತಾನದವರು ದ್ವಾರಕಾಕ್ಕ ಬಂದು ಗುಂಡು ಹಾರಿಸಿ ಹೋದ್ರು. ನೀವು ಮುಂಬೈದಾಗ ಮಲಗಿದ್ರಿ."

ಪ್ರತಿ ಡಿಸೆಂಬರ್ 4ಕ್ಕೆ ನೌಕಾಪಡೆ ದಿನ ಬರುತ್ತದೆ. 1971ರಲ್ಲಿ ನಮ್ಮ ನೌಕಾಪಡೆ ಸುಟ್ಟ ಕರಾಚಿ ಟಿವಿಯಲ್ಲಿ ಮತ್ತೆ ಹೊತ್ತಿ ಉರಿಯುತ್ತದೆ. ಆ ವಿಜಯದ ದಂಡನಾಯಕ ಅಡ್ಮಿರಲ್ ನಂದಾ ಅವರ ಹೆಸರು ಹೇಳುತ್ತಾರೆ, ಹೇಳಲೇಬೇಕು. ಆರು ವರ್ಷ ಮೊದಲು ಇದೇ ಕೆಲಸಕ್ಕೆ ಅಪ್ಪಣೆ ಕೇಳಿ, ಸಿಗದೆ, ಹಲ್ಲು ಕಚ್ಚಿ ಕೂತ ಇನ್ನೊಬ್ಬರ ಹೆಸರು ಯಾರ ಬಾಯಿಗೂ ಬರುವುದಿಲ್ಲ. ವೈಸ್ ಅಡ್ಮಿರಲ್ ಭಾಸ್ಕರ ಸದಾಶಿವ ಸೋಮನ್. ನನ್ನ ಮಟ್ಟಿಗೆ ನಮ್ಮ ನೌಕಾಪಡೆಯಲ್ಲಿ ಅವರಷ್ಟು ಕಷ್ಟದ ಯುದ್ಧ ಮಾಡಿದವರು ಕಡಿಮೆ.

1913ರಲ್ಲಿ ಗ್ವಾಲಿಯರ್‌ನಲ್ಲಿ ಹುಟ್ಟಿದ ಹುಡುಗ, ಹತ್ತಿರದಲ್ಲೆಲ್ಲೂ ಸಮುದ್ರವಿಲ್ಲದ ಊರು. ನಮ್ಮ ಎರೆಭೂಮಿಯಿಂದ ಹೋದ ನನಗೆ ಇದು ಬಹಳ ಹಿಡಿಸಿದ ಸಂಗತಿ. ಅವರ ಕಾಲದಲ್ಲಿ ಭಾರತೀಯನೊಬ್ಬ ನೌಕಾ ಅಧಿಕಾರಿಯಾಗುವುದೇ ಹೊಸ ಮಾತು. ಮೊದಲ ಭಾರತೀಯನಿಗೆ ಕಮಿಷನ್ ಸಿಕ್ಕಿದ್ದೇ 1928ರಲ್ಲಿ, ಡಿ.ಎನ್. ಮುಖರ್ಜಿ ಎಂಬ ಎಂಜಿನಿಯರ್ ಅಧಿಕಾರಿಗೆ. 'ರಾಯಲ್ ಇಂಡಿಯನ್ ಮರೀನ್' ಎಂದಿದ್ದ ಪಡೆ 1934ರಲ್ಲಿ 'ರಾಯಲ್ ಇಂಡಿಯನ್ ನೇವಿ' ಆಯಿತು. ಸೋಮನ್ ಆ ಮೂವತ್ತರ ದಶಕದ ಬೆಳೆ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾದರೂ ನೌಕಾಪಡೆಯ ತಲೆಯ ಮೇಲೆ ಬ್ರಿಟಿಷರೇ ಇದ್ದರು. 1958ರಲ್ಲಿ ಕಟಾರಿ ಮೊದಲ ಭಾರತೀಯ ಮುಖ್ಯಸ್ಥರಾದರು, 1962ರ ಜೂನ್‌ನಲ್ಲಿ ಸೋಮನ್ ಎರಡನೆಯವರು.

ನಮ್ಮ ರಾಜ್ಯಕ್ಕೂ ಅವರಿಗೂ ನಂಟು ಬಿದ್ದದ್ದು ಅದಕ್ಕೂ ಮೊದಲು, ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಕಾರವಾರದ ಬಿಣಗಾದಿಂದ ಕೂಗಳತೆ ದೂರ. ಆದರೆ ಪೋರ್ಚುಗೀಸರ ಕೈಯಲ್ಲಿತ್ತು, ಇವತ್ತಿಗೂ ಕಾಗದದ ಮೇಲೆ ಗೋವಾಕ್ಕೇ ಸೇರಿದ್ದು. 1961ರ ನವೆಂಬರ್‌ನಲ್ಲಿ ಅಲ್ಲಿನ ಪೋರ್ಚುಗೀಸ್ ಸಿಪಾಯಿಗಳು 'ಸಾಬರಮತಿ' ಎಂಬ ನಮ್ಮ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಮರುವಾರ ಮೀನುಗಾರನೊಬ್ಬನನ್ನು ಕೊಂದರು. ಡಿಸೆಂಬರ್ 18ರಂದು 'ತ್ರಿಶೂಲ್' ಮತ್ತು 'ಮೈಸೂರು' ಹಡಗುಗಳು ದ್ವೀಪದ ಮುಂದೆ ನಿಂತವು. ಆಗ ಇಡೀ ಹಡಗುಪಡೆಯ ದಂಡನಾಯಕ ರಿಯರ್ ಅಡ್ಮಿರಲ್ ಸೋಮನ್.

ಆ 'ಮೈಸೂರು' ಹಡಗಿನಲ್ಲಿ ನಾನೂ ಇದ್ದೆ, ಇಪ್ಪತ್ತು ವರ್ಷ ತಡವಾಗಿ. 1940ರಿಂದ 'ನೈಜೀರಿಯಾ' ಎಂಬ ಹೆಸರಲ್ಲಿ ಬ್ರಿಟಿಷರಿಗೆ ದುಡಿದು, 1957ರಲ್ಲಿ ನಮಗೆ ಬಂದ ಹಡಗು. ನಾನು ಹತ್ತುವ ಹೊತ್ತಿಗೆ ಮುದುಕಿಯಾಗಿ, ಕೆಡೆಟ್ ಹುಡುಗರಿಗೆ ಪಾಠ ಹೇಳುತ್ತಿದ್ದಳು. ಆರಿಂಚಿನ ಒಂಬತ್ತು ತೋಪುಗಳ ಹೊಳಪು ಮಾತ್ರ ಮಾಸಿರಲಿಲ್ಲ. ಬಾಯ್ಲರ್ ರೂಮಿನ ಸೆಕೆಯಲ್ಲಿ ನಿಂತಾಗ, ನಮ್ಮ ಹೊಲದಲ್ಲಿ ಮೆಣಸಿನಕಾಯಿ ಒಣಗಿಸುವ ಕಣದ ಬಿಸಿಲು ತಂಪೆನಿಸುತ್ತಿತ್ತು. ಮೆಸ್ಸಿನಲ್ಲಿ ಹಳೆಯ ಚೀಫ್ ಒಬ್ಬರು ಅಂಜದೀವ್ ಕಥೆ ಹೇಳುತ್ತಿದ್ದರು. ತ್ರಿಶೂಲ್‌ನ ಹುಡುಗರು ದೋಣಿಯಲ್ಲಿ ದಡ ಹತ್ತಿದರು. ಶರಣಾಗುವೆವೆಂದು ಬಿಳಿ ಬಾವುಟ ಕಂಡಿತು. ಅದನ್ನು ನಂಬಿ ಮುಂದೆ ಹೋದವರ ಮೇಲೆ ಗುಂಡು ಬಿತ್ತು. ಏಳು ಮಂದಿ ಸತ್ತರು. ಆಮೇಲೆ ಹಡಗಿನ ತೋಪುಗಳು ಮಾತಾಡಿದವು, ಮರುದಿನ ದ್ವೀಪ ಶರಣಾಯಿತು. 'ಬಿಳಿ ಬಾವುಟ' ಎಂಬ ಮಾತು ಬಂದಾಗ ಚೀಫ್ ತಾಟಿನಿಂದ ಕೈ ತೆಗೆದುಬಿಡುತ್ತಿದ್ದರು.

ಈಗ ಕಾಕಾರ ಪ್ರಶ್ನೆಗೆ ಬರುತ್ತೇನೆ. 1965ರ ಸೆಪ್ಟೆಂಬರ್ ಮೊದಲ ವಾರ ಸೋಮನ್ ಕೈಯಲ್ಲಿ ಏನಿತ್ತು? ವಿಮಾನವಾಹಕ ಹಡಗು 'ವಿಕ್ರಾಂತ್' ಮುಂಬೈಯಲ್ಲಿ ದುರಸ್ತಿಗೆ ನಿಂತಿತ್ತು. 'ಮೈಸೂರು' ಮತ್ತು ಜೊತೆಯ ಹಡಗುಗಳು ಬಂಗಾಳ ಕೊಲ್ಲಿಯಲ್ಲಿದ್ದವು, ಇಡೀ ಭೂಶಿರ ಸುತ್ತಿ ಓಡಿ ಬರಬೇಕಾಯಿತು. 7ರ ರಾತ್ರಿ ಪಾಕಿಸ್ತಾನದ ಏಳು ಹಡಗುಗಳು ದ್ವಾರಕೆಗೆ ಗುಂಡು ಹಾಕಿದವು. ಕೆಲವೇ ನಿಮಿಷದ ಕೆಲಸ, ಹೆಚ್ಚಿನ ಗುಂಡುಗಳು ಮೆತ್ತನೆಯ ಮಣ್ಣಿಗೆ ಬಿದ್ದು ಸಿಡಿಯಲೇ ಇಲ್ಲ. ಆಸ್ತಿಗೆ ಆದ ನಷ್ಟ ಸಣ್ಣದು, ಮಾನಕ್ಕೆ ಆದದ್ದು ದೊಡ್ಡದು.

ಜನರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ರಕ್ಷಣಾ ಸಚಿವಾಲಯದಿಂದ ಸೋಮನ್‌ಗೆ ಲಿಖಿತ ಆದೇಶ ಇತ್ತು: ಮುಂಬೈಯಿಂದ 200 ಮೈಲಿ ಆಚೆ ಹೋಗಬಾರದು, ಪೋರಬಂದರದ ಅಕ್ಷಾಂಶ ದಾಟಿ ಉತ್ತರಕ್ಕೆ ಹೋಗಬಾರದು. ಭೂಪಟ ತೆಗೆದು ನೋಡಿ, ದ್ವಾರಕೆಯೇ ಆ ಗೆರೆಯ ಉತ್ತರಕ್ಕಿದೆ! ಯುದ್ಧವನ್ನು ಸಮುದ್ರಕ್ಕೆ ಹಬ್ಬಿಸಬಾರದೆಂಬುದು ದಿಲ್ಲಿಯ ಲೆಕ್ಕ. ಅಂಡಮಾನ್ ಕಡೆ ಇಂಡೋನೇಷ್ಯಾದ ಭಯವೂ ಇತ್ತು. ಲೆಕ್ಕ ಪೂರ್ತಿ ತಪ್ಪೆಂದು ನಾನು ಹೇಳಲಾರೆ.

ಸೋಮನ್‌ಗೆ ಅದು ತಪ್ಪೆನಿಸಿತು. ಅವರು ರಕ್ಷಣಾ ಮಂತ್ರಿ ಚವಾಣರ ಬಳಿ ಹೋದರು. ಅಲ್ಲಿ ಆಗಲಿಲ್ಲ. ಪ್ರಧಾನಿ ಶಾಸ್ತ್ರಿಗಳ ಬಾಗಿಲಿಗೂ ಹೋದರು. ಅಲ್ಲೂ ಇಲ್ಲ ಎಂದೇ ಉತ್ತರ ಬಂತು. ವಾಪಸು ಬಂದು ಆಜ್ಞೆ ಪಾಲಿಸಿದರು. ಪತ್ರಿಕೆಯವರನ್ನು ಕರೆದು ಕಣ್ಣೀರು ಹಾಕಲಿಲ್ಲ, ರಾತ್ರೋರಾತ್ರಿ ಗೆರೆ ದಾಟಿ ಆಮೇಲೆ ವೀರನಾಗಲು ನೋಡಲಿಲ್ಲ. ಟಿವಿ ಸ್ಟುಡಿಯೋದಲ್ಲಿ ಕೂತು "ಸೈನ್ಯದ ಕೈ ಬಿಚ್ಚಿಬಿಡಿ" ಎಂದು ಕಿರುಚುವ ಮಹನೀಯರು ಈ ಭಾಗವನ್ನು ಒಂದು ಸಲ ಓದಬೇಕು. ಪಕ್ಕದ ದೇಶದಲ್ಲಿ ದಂಡನಾಯಕರು ತಮ್ಮ ಕೈ ತಾವೇ ಬಿಚ್ಚಿಕೊಂಡಾಗ ಏನಾಯಿತು ಎಂಬುದನ್ನೂ.

ಅದೇ ವರ್ಷ, ಅವರದೇ ಅವಧಿಯಲ್ಲಿ, ಸೋವಿಯತ್ ಒಕ್ಕೂಟದ ಜೊತೆ ಹಡಗು, ಸಬ್‌ಮರೀನ್‌ಗಳ ಒಪ್ಪಂದವಾಯಿತು. ಮೊದಲ ಸಬ್‌ಮರೀನ್ 'ಕಲ್ವರಿ' 1967ರ ಡಿಸೆಂಬರ್‌ನಲ್ಲಿ ಪಡೆ ಸೇರುವಾಗ ಸೋಮನ್ ನಿವೃತ್ತರಾಗಿ ಒಂದೂಮುಕ್ಕಾಲು ವರ್ಷ. ನಂದಾ 71ರಲ್ಲಿ ಯುದ್ಧಕ್ಕೆ ಮೊದಲೇ ಇಂದಿರಾ ಗಾಂಧಿಯವರ ಬಳಿ ಹೋಗಿ ಕರಾಚಿಯ ಮಾತು ಕೇಳಿಕೊಂಡು ಬಂದರಲ್ಲ, ಆ ಬುದ್ಧಿ 65ರ ಗಾಯದಿಂದ ಬಂದದ್ದೆಂದೇ ನನ್ನ ನಂಬಿಕೆ.

ನಮ್ಮ ಭಾಗದ ಶಾಲೆಗಳು ಕಾರವಾರಕ್ಕೆ ಪ್ರವಾಸ ಹೋದರೆ ದಂಡೆಯ ಮೇಲಿನ 'ಚಪಲ್' ಯುದ್ಧದೋಣಿ ನೋಡಿ ಬರುತ್ತವೆ. ಅದೇ ಕರಾಚಿ ಸುಟ್ಟದ್ದು ಎಂದು ಮಕ್ಕಳು ಹೇಳುತ್ತಾರೆ. ಅದು ನೌಕಾಪಡೆ ಸೇರಿದ್ದೇ 1976ರಲ್ಲಿ. ಅಂಜದೀವ್ ಅಲ್ಲಿಂದ ದಕ್ಷಿಣಕ್ಕೆ ಕೆಲವೇ ಮೈಲಿ, ಇಂದು ಕದಂಬ ನೌಕಾನೆಲೆಯ ಒಳಗಿದೆ. ಸತ್ತ ಏಳು ಮಂದಿಯ ಸ್ಮಾರಕ ಅಲ್ಲಿದೆ. ಮಕ್ಕಳನ್ನು ಒಳಗೆ ಬಿಡುವುದು ಕಷ್ಟ, ಒಪ್ಪಿದೆ. ಚಪಲ್ ಪಕ್ಕದಲ್ಲೇ ಒಂದು ಕನ್ನಡದ ಫಲಕ ಹಾಕಲು ಏನು ಕಷ್ಟ? ಆ ಏಳು ಮಂದಿ, ಅವರನ್ನು ಕಳಿಸಿದ ಸೋಮನ್, ಪೋರಬಂದರದ ಗೆರೆ, ಇಷ್ಟು ಬರೆದರೆ ಸಾಕು.

ಇದನ್ನೆಲ್ಲ ಕಳೆದ ವಾರ ಕಾಕಾರಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಮಿರ್ಚಿಯ ತೊಟ್ಟು ಬದಿಗಿಟ್ಟು ಸ್ವಲ್ಪ ಹೊತ್ತು ಹಳಿಯ ಕಡೆ ನೋಡುತ್ತ ಕೂತರು.

"ತಮ್ಮಾ, ಹಾಜಿ ಪೀರ್ ಘಟ್ಟ ಗೊತ್ತೈತೇನು ನಿನಗ? ಆಗಸ್ಟಿನಾಗ ನಮ್ಮ ಹುಡುಗೂರು ಜೀವಾ ಕೊಟ್ಟು ಹಿಡಿದಿದ್ರು. ತಾಷ್ಕೆಂಟಿನಾಗ ಸಹಿ ಬಿತ್ತು, ಬಿಟ್ಟು ಕೊಡ್ರಿ ಅಂತ ಹುಕುಂ ಬಂತು. ಸಾಮಾನು ಹೇರಿಕೊಂಡು ಲಾರಿ ಕೆಳಗ ಇಳಿಸಿದವ ನಾನs."

ಚಹಾದ ರೊಕ್ಕ ಅವತ್ತು ಅವರೇ ಕೊಟ್ಟರು.