ಗೃಹಸ್ಥರ ಯಂತ್ರವಿಚಾರ: ಎಣ್ಣೆಯ ಬಲದಿಂದ ನಡೆಯುವ ಬಂಡಿ



ಎತ್ತಿನ ಹಲ್ಲನ್ನು ನೋಡಿ ಅದರ ವಯಸ್ಸನ್ನು ಹೇಳಬಲ್ಲ, ಬಂಡಿಯ ಕೀಲು ಕಿರುಗುಟ್ಟಿದೊಡನೆಯೇ ಎಣ್ಣೆಯು ಯಾವ ಕಡೆ ಬತ್ತಿದೆಯೆಂದು ತಿಳಿಯಬಲ್ಲ ಗೃಹಸ್ಥರು ನಮ್ಮ ಬಾಲ್ಯದಲ್ಲಿ ಬೀದಿಗೊಬ್ಬರಾದರೂ ಇದ್ದರು. ಈಗ ಎತ್ತಿನ ಸ್ಥಾನಕ್ಕೆ ಯಂತ್ರವು ಬಂದಿರುವುದು. ಆದರೆ ಎತ್ತಿನ ವಿಷಯದಲ್ಲಿ ಇದ್ದ ವಿವೇಚನೆಯು ಯಂತ್ರದ ವಿಷಯದಲ್ಲಿ ನಮಗೆ ಇನ್ನೂ ಬಂದಿಲ್ಲ. ಯಂತ್ರವು ನಿಂತೊಡನೆ ನಾವು ಹಣದ ಚೀಲವನ್ನು ಬಿಚ್ಚುವೆವು, ಇಲ್ಲವೆ ತಲೆಯ ಮೇಲೆ ಕೈಹೊತ್ತು ಕುಳಿತುಕೊಳ್ಳುವೆವು. ಇವೆರಡಕ್ಕೂ ನಡುವೆ ನಿದಾನವೆಂಬ ಮೂರನೆಯ ದಾರಿಯೊಂದುಂಟು. ಆ ದಾರಿಯನ್ನು ಒಂದು ಉದಾಹರಣೆಯ ಮೂಲಕ ತೋರಿಸುವುದೇ ಈ ತಿಂಗಳ ಲೇಖನದ ಉದ್ದೇಶವು.

ನಾವು ವಾಸಿಸುವ ಆನೆಕೊಂಡವು ಪುರಾತನವಾದ ಈಶ್ವರ ದೇವಾಲಯವುಳ್ಳ ಸ್ಥಳ. ಈಗ ದಾವಣಗೆರೆ ನಗರದೊಳಗೇ ಸೇರಿಹೋಗಿರುವುದು. ಆದರೂ ಊರಿನ ಅಂಚನ್ನು ದಾಟಿದರೆ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳು ಕಾಣುವುವು. ಬೇಸಿಗೆಯ ಬೆಳೆಯು ಕೊಯ್ಲಿಗೆ ಬರುವ ಕಾಲಕ್ಕೇ ಭರಣಿ ಕೃತ್ತಿಕೆಗಳ ಮಳೆಯೂ ಬರುವುದಷ್ಟೆ. ಮಾಗಿದ ತೆನೆಯ ಮೇಲೆ ಒಂದು ಬಿರುಮಳೆ ಸುರಿದರೆ ಪೈರು ಮಲಗುವುದು. ಮಲಗಿದ ಪೈರು ಎರಡು ಮೂರು ದಿನ ನೆನೆದರೆ ಕಾಳು ಮೊಳೆಯುವುದು. ಆದುದರಿಂದಲೇ ಕುಡುಗೋಲಿನ ಆಳುಗಳು ದೊರೆಯದ ಈ ಕಾಲದಲ್ಲಿ ಭತ್ತ ಕೊಯ್ಯುವ ಚೈನ್ ಮಷಿನ್ ಬರುವುದನ್ನು ರೈತರು ನೆಂಟರ ದಾರಿ ಕಾಯುವಂತೆ ಕಾಯುತ್ತಿರುವರು.

ಕೆಸರಿನಲ್ಲಿಯೂ ನಡೆಯಬಲ್ಲ ಇಂತಹ ಯಂತ್ರಗಳಲ್ಲಿ ಹಲವಕ್ಕೆ ಸಾಮಾನ್ಯ ಗೇರುಪೆಟ್ಟಿಗೆಯ ಜೊತೆಗೆ ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್ ಎಂಬ ಅಂಗವಿರುವುದು. ಅಮೆರಿಕಾದಲ್ಲಿ ನೆಲೆಸಿರುವ ನಮ್ಮವರು ಮನೆಯ ಮುಂದಿನ ಹುಲ್ಲನ್ನು ಕತ್ತರಿಸಲು ಏರಿ ಕುಳಿತು ನಡೆಸುವ ಸಣ್ಣ ಬಂಡಿಗಳಲ್ಲಿಯೂ ಅನೇಕಕ್ಕೆ ಇದೇ ಅಂಗವುಂಟು. ಗಾತ್ರವು ಬೇರೆ, ತತ್ತ್ವವು ಒಂದೇ.

ಆ ತತ್ತ್ವವೇನೆಂದರೆ: ಹೋಳಿಹಬ್ಬದ ಎರಡು ಪಿಚಕಾರಿಗಳ ಬಾಯಿಯನ್ನು ಒಂದು ಕೊಳವೆಯಿಂದ ಜೋಡಿಸಿ, ಒಂದರ ಹಿಡಿಯನ್ನು ಒತ್ತಿದರೆ ಇನ್ನೊಂದರ ಹಿಡಿಯು ತಾನಾಗಿ ಹೊರಕ್ಕೆ ಬರುವುದು. ನಡುವೆ ಇರುವ ನೀರು ಬಲವನ್ನು ಹೊತ್ತುಕೊಂಡು ಹೋಗುವುದು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಈ ನಿಯಮವನ್ನು ಫ್ರಾನ್ಸ್ ದೇಶದ ಪಾಸ್ಕಲ್ ಎಂಬ ಪಂಡಿತನು ವಿವರಿಸಿದನು. ಅವನ ಗ್ರಂಥವು 1663ರಲ್ಲಿ, ಅವನು ತೀರಿಕೊಂಡ ಮರುವರ್ಷ, ಅಚ್ಚಾಯಿತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮನು ಇದರಿಂದಲೇ ಭಾರಿಯಾದ ಒತ್ತುಯಂತ್ರವನ್ನು ಮಾಡಿ ಹಕ್ಕುಪತ್ರವನ್ನು ಪಡೆದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕಾದ ವಿಲಿಯಮ್ಸ್ ಮತ್ತು ಜಾನಿ ಎಂಬ ಇಂಜಿನಿಯರರು ಎಣ್ಣೆಯ ಮೂಲಕ ಚಲನೆಯನ್ನು ಕೊಡುವ ಯಂತ್ರವನ್ನು ರಚಿಸಿದರು; ಅದು ಯುದ್ಧನೌಕೆಗಳ ಫಿರಂಗಿಗಳನ್ನು ತಿರುಗಿಸಲು ಬಳಕೆಗೆ ಬಂದಿತು. ಅದರ ವಂಶದ್ದೇ ಇಂದು ನಮ್ಮ ಗದ್ದೆಯಲ್ಲಿ ನಡೆಯುತ್ತಿರುವುದು.

ಕೊಯ್ಲುಯಂತ್ರದಲ್ಲಿ ಇಂಜಿನು ಬೆಲ್ಟಿನ ಮೂಲಕ ಒಂದು ಪಂಪನ್ನು ತಿರುಗಿಸುವುದು. ಪಂಪಿನೊಳಗೆ ಏಳೋ ಒಂಬತ್ತೋ ಸಣ್ಣ ಪಿಸ್ಟನ್ನುಗಳು ವೃತ್ತಾಕಾರವಾಗಿ ನಿಂತಿರುವುವು. ಅವುಗಳ ತುದಿಯು ಓರೆಯಾಗಬಲ್ಲ ಒಂದು ತಟ್ಟೆಗೆ ತಾಗಿರುವುದು. ಚಾಲಕನು ಲಿವರನ್ನು ಮುಂದಕ್ಕೆ ತಳ್ಳಿದರೆ ತಟ್ಟೆಯು ಒಂದು ಕಡೆಗೆ ಓರೆಯಾಗಿ, ಪಿಸ್ಟನ್ನುಗಳು ಎಣ್ಣೆಯನ್ನು ಮೋಟಾರೆಂಬ ಇನ್ನೊಂದು ಭಾಗಕ್ಕೆ ನೂಕುವುವು. ಅದು ತಿರುಗಿ ಚೈನು ಚಲಿಸುವುದು. ತಟ್ಟೆಯು ನೆಟ್ಟಗಿದ್ದರೆ ಬಂಡಿಯು ನಿಲ್ಲುವುದು. ಇನ್ನೊಂದು ಕಡೆಗೆ ಓರೆಯಾದರೆ ಹಿಮ್ಮುಖವಾಗಿ ನಡೆಯುವುದು. ಸಂದುಗಳಲ್ಲಿ ಸೋರಿದ ಎಣ್ಣೆಯನ್ನು ತುಂಬಿಕೊಡಲು ಚಾರ್ಜ್ ಪಂಪೆಂಬ ಸಣ್ಣ ಪಂಪೊಂದು ಬೇರೆ ಇರುವುದು.

ಈ ಸಂದುಗಳೇ ಯಂತ್ರದ ಪ್ರಾಣ. ನಮ್ಮ ತಲೆಗೂದಲಿನ ದಪ್ಪವು ಸುಮಾರು 70 ಮೈಕ್ರಾನು. ಪಿಸ್ಟನ್ನಿನ ಸಂದು ಅದರ ಅರ್ಧಕ್ಕೂ ಬಹಳ ಕಡಿಮೆ. ಭಾರವು ಹೆಚ್ಚಿದಾಗ ಒಳಗಿನ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಮಿನಷ್ಟಕ್ಕೂ ಏರಬಹುದು. ಇಂತಹ ಸ್ಥಳದಲ್ಲಿ ಕಣ್ಣಿಗೆ ಕಾಣದ ಮರಳಿನ ಕಣವೊಂದು ಸಾಕು, ಗೀರು ಬೀಳುವುದು. ಗೀರು ಬಿದ್ದರೆ ಸೋರಿಕೆಯು ಹೆಚ್ಚುವುದು. ಎಣ್ಣೆಯು ಬಿಸಿಯಾದಷ್ಟೂ ತೆಳುವಾಗುವುದರಿಂದ ಬಿಸಿಯಲ್ಲಿ ಸೋರಿಕೆಯು ಇನ್ನಷ್ಟು ಹೆಚ್ಚಿ, ಬೆಳಿಗ್ಗೆ ಚೆನ್ನಾಗಿ ನಡೆದ ಬಂಡಿಯು ಮಧ್ಯಾಹ್ನಕ್ಕೆ ಮುದಿಯೆತ್ತಿನಂತೆ ನಿಲ್ಲುವುದು.

ಹೋದ ಬೇಸಿಗೆಯ ಕೊಯ್ಲಿನಲ್ಲಿ ಇಂತಹದೇ ಒಂದು ಪ್ರಸಂಗವು ನಮ್ಮ ನೆರೆಯಲ್ಲಿ ನಡೆಯಿತು. ತರುಣನೊಬ್ಬನು ಬ್ಯಾಂಕಿನ ಸಾಲದಿಂದ ಹಳೆಯ ಚೈನ್ ಮಷಿನ್ನನ್ನು ಕೊಂಡಿದ್ದನು. ಕೊಯ್ಲಿನ ಒಂದೂವರೆ ತಿಂಗಳ ಗಳಿಕೆಯೇ ಅವನ ವರ್ಷದ ಕಂತಿಗೆ ಆಧಾರ. ಯಂತ್ರವು ಕೆಲಸ ಆರಂಭಿಸಿ ಒಂದು ಗಂಟೆಯಾದೊಡನೆ ಸೋಲತೊಡಗಿತು. ಇಡೀ ಟ್ರಾನ್ಸ್‌ಮಿಷನ್ನನ್ನೇ ಹೊಸದಾಗಿ ಹಾಕಿಸಬೇಕೆಂದು ಬಲ್ಲವರೆನಿಸಿದವರು ಹೇಳಿದರು. ಅದರ ಬೆಲೆಯನ್ನು ಕೇಳಿ ಅವನ ತಾಯಿಯು ತನ್ನ ಬಳೆಗಳನ್ನು ಬಿಚ್ಚಲು ಸಿದ್ಧಳಾದಳು. ಕೊಯ್ಲಿಗೆ ಹೆಸರು ಬರೆಸಿದ್ದ ಆರು ಮನೆಗಳವರು ಆಕಾಶವನ್ನು ನೋಡುತ್ತಿದ್ದರು.

ಆಗ ಮುದುಕರಾದ ಫಿಟ್ಟರೊಬ್ಬರು ಬಂದರು. ಅವರು ಮೊದಲು ಸ್ಪ್ಯಾನರನ್ನು ಮುಟ್ಟಲಿಲ್ಲ, ಪ್ರಶ್ನೆಗಳನ್ನು ಕೇಳಿದರು.

“ತಮ್ಮಾ, ಮುಂದಕ್ಕೆ ಸೋಲ್ತದೋ, ಹಿಂದಕ್ಕೂ ಸೋಲ್ತದೋ?”

“ಎರಡೂ ಕಡೆ ಸೋಲ್ತದೆ ಕಾಕಾ.”

“ತಣ್ಣಗಿದ್ದಾಗ?”

“ತಣ್ಣಗಿದ್ದಾಗ ಕುದುರೆ ಹಂಗೆ ಓಡ್ತದೆ.”

ಈ ಎರಡು ಪ್ರಶ್ನೆಗಳನ್ನು ಕೇಳಿ ನಮಗೆ ಸಂತೋಷವಾಯಿತು. ನ್ಯಾಯಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂದು ಎರಡು ಕ್ರಮಗಳುಂಟು: ಯಾವುದು ಇದ್ದರೆ ದೋಷವಿರುವುದೋ, ಯಾವುದು ಇಲ್ಲದಿದ್ದರೆ ದೋಷವಿಲ್ಲವೋ ಅದನ್ನು ಹುಡುಕುವುದು. ಬಂಡಿಯು ಒಂದೇ ದಿಕ್ಕಿನಲ್ಲಿ ಸೋತು ಇನ್ನೊಂದು ದಿಕ್ಕಿನಲ್ಲಿ ಚೆನ್ನಾಗಿದ್ದರೆ, ಎರಡಕ್ಕೂ ಸಮಾನವಾದ ಬೆಲ್ಟಾಗಲಿ ಎಣ್ಣೆಯಾಗಲಿ ಕಾರಣವಾಗಲಾರದು. ಆ ದಿಕ್ಕಿನ ವಾಲ್ವನ್ನೋ ಲಿವರಿನ ಜೋಡಣೆಯನ್ನೋ ಶಂಕಿಸಬೇಕು. ಎರಡು ದಿಕ್ಕಿನಲ್ಲಿಯೂ ಸೋತರೆ ಸಮಾನವಾದ ಕಾರಣವನ್ನೇ ಹುಡುಕಬೇಕು. ತಣ್ಣಗಿದ್ದಾಗ ಸೋತು ಬಿಸಿಯಾದ ಮೇಲೆ ಸರಿಯಾದರೆ ಎಣ್ಣೆಯು ಮಂದವಾಗಿದೆ, ಇಲ್ಲವೆ ಫಿಲ್ಟರು ಕಟ್ಟಿಕೊಂಡಿದೆಯೆಂದು ಊಹಿಸಬಹುದು. ಬಿಸಿಯಾದಾಗ ಮಾತ್ರ ಸೋತರೆ ಎಣ್ಣೆಯು ತೆಳುವಾಗಿದೆ, ತಂಪಾಗುತ್ತಿಲ್ಲ, ಇಲ್ಲವೆ ಒಳಗೆ ಸವೆದಿದೆ. ಶಾಸ್ತ್ರವನ್ನು ಓದದ ಆ ಫಿಟ್ಟರು ಶಾಸ್ತ್ರದ ಕ್ರಮವನ್ನೇ ಹಿಡಿದಿದ್ದರು.

ಅನಂತರ ಅವರು ಖರ್ಚಿಲ್ಲದ ಕಾರಣಗಳಿಂದ ಆರಂಭಿಸಿ ಒಂದೊಂದಾಗಿ ನೋಡಿದರು. ಬೆಲ್ಟು ಸಡಿಲವಾಗಿತ್ತು, ಬಿಗಿಮಾಡಿದರು. ಎಣ್ಣೆಯನ್ನು ತಂಪುಮಾಡುವ ಕೂಲರಿನ ಸಂದುಗಳಲ್ಲಿ ಭತ್ತದ ಹೊಟ್ಟು ಗೋಡೆಯಂತೆ ಕಟ್ಟಿತ್ತು. ಒಳಗಿನಿಂದ ಹೊರಕ್ಕೆ ಗಾಳಿ ಊದಿ ತೆಗೆದರು. ಎಣ್ಣೆಯನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ತೋರಿಸಿದರು. ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದೂ, ಸೀದ ವಾಸನೆಯಿದ್ದರೆ ಬೆಂದಿದೆಯೆಂದೂ, ಮಿನುಗುವ ಪುಡಿಯಿದ್ದರೆ ಲೋಹವು ಸವೆಯುತ್ತಿದೆಯೆಂದೂ ವಿವರಿಸಿದರು. ಅಲ್ಲಿ ಮಿನುಗು ಕಂಡಿತು. ಫಿಲ್ಟರನ್ನು ಬದಲಿಸಿ, ಯಂತ್ರದ ಪುಸ್ತಕದಲ್ಲಿ ಹೇಳಿದ ಜಾತಿಯ ಹೊಸ ಎಣ್ಣೆಯನ್ನು ಹಾಕಿ ನಡೆಸಿದರೆ, ಒಂದು ಗಂಟೆ ನಡೆಯುತ್ತಿದ್ದುದು ಮೂರು ಗಂಟೆ ನಡೆದು ಮತ್ತೆ ಸೋತಿತು. ಹೊರಗಿನ ಕಾರಣಗಳೆಲ್ಲ ಕಳೆದು ಒಳಗಿನ ಸವೆತವೊಂದೇ ಉಳಿಯಿತು.

ಗದ್ದೆಯ ಬದುವಿನಲ್ಲಿಯೇ ಬಿಚ್ಚೆಂದು ಎಲ್ಲರೂ ಅವಸರಪಡಿಸಿದರು. ಪಶ್ಚಿಮದಲ್ಲಿ ಮೋಡವು ಕಟ್ಟುತ್ತಿತ್ತು. ಆ ಮುದುಕರು ಒಪ್ಪಲಿಲ್ಲ. “ಈ ಧೂಳಿನಾಗ ಬಿಚ್ಚಿದ್ರೆ ಇವತ್ತು ಒಂದು ಗೀರು, ನಾಳೆ ಹತ್ತು,” ಎಂದು, ಪಂಪನ್ನು ಇಳಿಸಿ, ತೊಳೆದು, ರಂಧ್ರಗಳನ್ನೆಲ್ಲ ಮುಚ್ಚಿ ಮುಚ್ಚಿದ ಕೋಣೆಯೊಂದಕ್ಕೆ ಒಯ್ದರು. ಬಿಚ್ಚಿದಾಗ ಎಣ್ಣೆಯ ದಾರಿಯನ್ನು ನಿಯಮಿಸುವ ವಾಲ್ವ್ ಪ್ಲೇಟಿನ ಮೇಲೆ ಉಂಗುರದಂತೆ ಸಣ್ಣ ಗೀರುಗಳು ಕಂಡವು. ಪಿಸ್ಟನ್ನುಗಳು ನೆಟ್ಟಗಿದ್ದವು.

ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ಮಾಡಿ ಹೆಸರುವಾಸಿಯಾಗಿತ್ತೆಂಬುದು ವಾಚಕರಿಗೆ ತಿಳಿದಿರುವುದು. ಆ ಕಾರ್ಖಾನೆಯು ಈಗ ಇಲ್ಲ. ಆದರೆ ಮಟ್ಟಸವೆಂದರೇನು, ನುಣುಪೆಂದರೇನು ಎಂದು ಬೆರಳ ತುದಿಯಿಂದ ಬಲ್ಲ ಕೈಗಳು ನಮ್ಮ ಸೀಮೆಯಲ್ಲಿ ಇನ್ನೂ ಉಳಿದಿರುವುವು. ಅಂತಹ ಕೈಯೊಂದು ಆ ತಟ್ಟೆಯನ್ನು ಸಮತಲದ ಮೇಲೆ ನುಣ್ಣನೆಯ ಉಜ್ಜುಲೇಪದಿಂದ ಎಂಟರ ಆಕಾರದಲ್ಲಿ ಉಜ್ಜಿ ಗೀರನ್ನು ತೆಗೆಯಿತು. ಇದನ್ನು ಮಿತಿಮೀರಿ ಮಾಡಕೂಡದು. ಮೇಲಿನ ಗಟ್ಟಿಯಾದ ಪದರವು ಹೋದರೆ ತಟ್ಟೆಯು ಬೇಗನೆ ಸವೆಯುವುದು. ಲೇಪದ ಕಣವೊಂದೂ ಉಳಿಯದಂತೆ ತೊಳೆದು, ಸೀಲುಗಳನ್ನು ಹೊಸದಾಗಿ ಹಾಕಿ ಜೋಡಿಸಿದರು. ಬಳಿಕ ಚೈನುಗಳನ್ನು ನೆಲದಿಂದ ಎತ್ತಿ ಭದ್ರವಾದ ಆಧಾರ ಕೊಟ್ಟು, ಇಂಜಿನನ್ನು ನಿಧಾನವಾಗಿ ನಡೆಸಿ, ಲಿವರನ್ನು ಮುಂದಕ್ಕೂ ಹಿಂದಕ್ಕೂ ಮೆಲ್ಲನೆ ಹಲವು ಸಲ ಆಡಿಸಿ ಒಳಗಿನ ಗಾಳಿಯನ್ನು ಹೊರಡಿಸಿದರು. ಎಣ್ಣೆಯು ಇಳಿದಷ್ಟನ್ನು ಮತ್ತೆ ತುಂಬಿದರು. ಗಾಳಿಯು ಉಳಿದರೆ ಯಂತ್ರವು ನರಳುವುದು, ಬಲವೂ ಬಾರದು.

ಇದಕ್ಕೆಲ್ಲ ಮೂರು ದಿನಗಳು ಹಿಡಿದವು. ಎರಡನೆಯ ರಾತ್ರಿ ಮಳೆಯಾಗಿ ಆರು ಮನೆಗಳಲ್ಲಿ ಒಂದು ಮನೆಯ ಪೈರು ಮಲಗಿತು. ನಾಲ್ಕನೆಯ ದಿನ ತರುಣನು ಮೊದಲು ಆ ಗದ್ದೆಗೇ ಇಳಿದು, ಕಾಳು ಮೊಳೆಯುವ ಮೊದಲೇ ಕೊಯ್ದುಕೊಟ್ಟು, ಅವರಿಂದ ಡೀಸೆಲಿನ ಖರ್ಚನ್ನು ಮಾತ್ರ ತೆಗೆದುಕೊಂಡನು. ಖರ್ಚು ಹೊಸ ಟ್ರಾನ್ಸ್‌ಮಿಷನ್ನಿನ ಬೆಲೆಯ ಸಣ್ಣ ಪಾಲಾಯಿತು. ತಾಯಿಯ ಬಳೆಗಳು ಕೈಯಲ್ಲಿಯೇ ಉಳಿದವು. ಆದರೆ ಫಿಟ್ಟರು ಹೋಗುವಾಗ ಹೇಳಿದ ಮಾತನ್ನು ಮರೆಯಬಾರದು: “ತಮ್ಮಾ, ಇದು ಹೊಸದಾಗಿಲ್ಲ, ಉಸಿರು ಬಂದದೆ ಅಷ್ಟೆ. ಒಂದೆರಡು ಹಂಗಾಮು ಎಳೀತದೆ. ಅಷ್ಟರಾಗ ಹೊಸದಕ್ಕೆ ದುಡ್ಡು ಕೂಡಿಡು.” ದುರಸ್ತಿಯ ಮಿತಿಯನ್ನು ಮುಚ್ಚದೆ ಹೇಳುವವನೇ ನಂಬತಕ್ಕ ಕೆಲಸಗಾರನು.

ಮನೆಯಲ್ಲಿ ಇಂತಹ ಯಂತ್ರವನ್ನು ಇಟ್ಟಿರುವವರಿಗೆ ಎರಡು ಎಚ್ಚರಿಕೆಗಳನ್ನು ಹೇಳುವೆವು. ಮೊದಲನೆಯದು ಪ್ರಾಣದ ವಿಷಯ: ಕೊಳವೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಹೊರಡುವ ಎಣ್ಣೆಯ ಧಾರೆಯು ಚರ್ಮವನ್ನು ತೂರಿ ಒಳಹೋಗಬಲ್ಲುದು. ಸೋರಿಕೆಯನ್ನು ಕೈಯಿಂದ ತಡವಿ ಹುಡುಕಲೇ ಕೂಡದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಎಣ್ಣೆಯು ಚರ್ಮದೊಳಗೆ ಹೋಯಿತೆಂದು ಸಂಶಯ ಬಂದರೆ, ಗಾಯವು ಚುಕ್ಕೆಯಷ್ಟಿದ್ದರೂ, ನೋವಿಲ್ಲದಿದ್ದರೂ, ಆ ಗಳಿಗೆಯೇ ಆಸ್ಪತ್ರೆಗೆ ಹೋಗತಕ್ಕದ್ದು. ತಡಮಾಡಿ ಬೆರಳನ್ನೋ ಕೈಯನ್ನೋ ಕಳೆದುಕೊಂಡವರುಂಟು. ಎರಡನೆಯದು ಧನದ ವಿಷಯ: ಪ್ರತಿದಿನವೂ ಕೂಲರಿನ ಹೊಟ್ಟನ್ನು ತೆಗೆಯುವುದು, ಎಣ್ಣೆಯ ಮುಚ್ಚಳವನ್ನು ಬಿಚ್ಚುವ ಮೊದಲು ಸುತ್ತಲೂ ಒರಸುವುದು, ಹೇಳಿದ ಅವಧಿಗೆ ಹೇಳಿದ ಎಣ್ಣೆಯನ್ನೇ ಹಾಕುವುದು. ಹಿಂದೆ ಸಂಜೆಗೆ ಎತ್ತಿನ ಮೈಯನ್ನು ಉಜ್ಜಿ, ಗೊರಸನ್ನು ನೋಡಿ, ಆಮೇಲೆ ತಾನು ಉಣ್ಣುತ್ತಿದ್ದ ರೈತನಿಗೆ ಇದು ಹೊಸ ಪಾಠವಲ್ಲ. ಮಾತಾಡದ ಪ್ರಾಣಿಗೆ ತೋರಿಸುತ್ತಿದ್ದ ಆ ಗಮನವನ್ನೇ ಮಾತಾಡದ ಯಂತ್ರಕ್ಕೂ ತೋರಿಸಿದರೆ ಸಾಕು.