ಕೊನೆಯ ಸಾಲಿನ ಪಾಲು

ಕೆಲವು ತಿಂಗಳುಗಳ ಹಿಂದೆ ಬೆಂಗಳೂರಿನ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗುವ ಸಂದರ್ಭ ನನಗೆ ಒದಗಿತ್ತು. ನಾಟಕ, ಕೋಲಾಟ, ಬಹುಮಾನ ವಿತರಣೆಗಳ ನಡುವೆ ಪಾಶ್ಚಾತ್ಯ ತಂತಿವಾದ್ಯಗಳ ವೃಂದವಾದನವೂ ಒಂದಿತ್ತು. ಇಪ್ಪತ್ತೈದು ಮೂವತ್ತು ಮಂದಿ ಮಕ್ಕಳು ಪಿಟೀಲು, ವಯೊಲಾ, ಚೆಲ್ಲೋಗಳನ್ನು ಹಿಡಿದು ವೇದಿಕೆಯ ಮೇಲೆ ಕುಳಿತ ನೋಟವೇ ಮನಸ್ಸಿಗೆ ಹಿತವಾದುದು. ಅವರು ನುಡಿಸಿದ್ದು ಲೋಕಪ್ರಸಿದ್ಧವಾದ ಒಂದು ಕೃತಿ. ಅದರ ಹೆಸರನ್ನು ಕೇಳಿದೊಡನೆಯೇ ಮುಖ್ಯ ಅತಿಥಿಗಳು ತಲೆದೂಗಿದರು. ಮುಂದಿನ ಸಾಲಿನ ನಾಲ್ಕೈದು ಮಕ್ಕಳು ಬಹು ಚುರುಕಾಗಿಯೇ ನುಡಿಸಿದರು. ನನ್ನ ಕಣ್ಣು ಮಾತ್ರ ಹಿಂದಿನ ಸಾಲಿನ ಒಬ್ಬ ಹುಡುಗನ ಮೇಲೆ ನಿಂತಿತು. ಅವನ ಕಮಾನು ಉಳಿದವರ ಕಮಾನುಗಳೊಡನೆ ತಪ್ಪದೆ ಹೋಗಿ ಬರುತ್ತಿತ್ತು. ಆದರೆ ಅದು ತಂತಿಯನ್ನು ಮುಟ್ಟುತ್ತಿರಲಿಲ್ಲ.

ಸಭೆ ಮುಗಿದ ಮೇಲೆ ಅವನನ್ನು ಕಂಡು, "ಏಕಪ್ಪಾ, ನೀನು ನುಡಿಸಲೇ ಇಲ್ಲವಲ್ಲ?" ಎಂದು ಕೇಳಿದೆ. "ನನಗೆ ಅಷ್ಟು ವೇಗ ಬರೋದಿಲ್ಲ ಸಾರ್. ಕಮಾನು ಆಡಿಸಿದರೆ ಸಾಕು, ತಂತಿ ಮುಟ್ಟಬೇಡ ಅಂದಿದ್ದಾರೆ" ಎಂದ. ಆ ಮಾತಿನಲ್ಲಿ ದೂರಿರಲಿಲ್ಲ. ಅದು ತನಗೆ ಸಲ್ಲತಕ್ಕದ್ದೇ ಎಂಬಂತೆ ಹೇಳಿದ. ಪಾಠ ಹೇಳುವವರನ್ನು ವಿಚಾರಿಸಿದಾಗ, "ಏನು ಮಾಡೋಣ ಸಾರ್, ಹಬ್ಬದ ದಿನ ಅಪಸ್ವರ ಕೇಳಿಸಬಾರದಲ್ಲ" ಎಂದರು. ಅವರು ಶ್ರದ್ಧಾವಂತರಲ್ಲವೆಂದು ನಾನು ಹೇಳಲಾರೆ. ಮೂರು ತಿಂಗಳು ಸಂಜೆಯ ಹೊತ್ತು ಬಿಡುವಿಲ್ಲದೆ ದುಡಿದಿದ್ದರು. ತಪ್ಪು ನಡೆದದ್ದು ಅಭ್ಯಾಸದಲ್ಲಲ್ಲ, ಅಭ್ಯಾಸಕ್ಕೂ ಮೊದಲು, ಸ್ವರಲಿಪಿಯ ಪುಸ್ತಕವನ್ನು ಆರಿಸಿದ ದಿನ. ಯಾವ ಕೃತಿಯನ್ನು ನುಡಿಸಬೇಕೆಂದು ಗೊತ್ತುಮಾಡಿದಾಗಲೇ, ಯಾರು ನುಡಿಸಬಾರದೆಂಬುದೂ ಗೊತ್ತಾಗಿಹೋಗಿತ್ತು.

ಸಂಗೀತದ ಆಯ್ಕೆ ಅಭಿರುಚಿಯ ವಿಷಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಶಾಲೆಯಲ್ಲಿ ಅದು ಮೊದಲು ನ್ಯಾಯದ ವಿಷಯ, ಆಮೇಲೆ ಅಭಿರುಚಿಯ ವಿಷಯ. ಈ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ಪಾಶ್ಚಾತ್ಯ ವೃಂದವಾದನದಲ್ಲಿ ಎಲ್ಲರೂ ಒಂದೇ ಸ್ವರವನ್ನು ನುಡಿಸುವುದಿಲ್ಲ. ಮೊದಲ ಪಿಟೀಲು, ಎರಡನೆಯ ಪಿಟೀಲು, ವಯೊಲಾ, ಚೆಲ್ಲೋ, ಡಬಲ್ ಬಾಸ್ ಎಂದು ಐದು ಗುಂಪು, ಗುಂಪಿಗೊಂದು ಪಾಲು. ನಿರ್ದೇಶಕನ ಕೈಯಲ್ಲಿರುವ ಪ್ರತಿಯಲ್ಲಿ ಐದೂ ಪಾಲುಗಳು ಒಂದರ ಕೆಳಗೊಂದು ಅಚ್ಚಾಗಿರುತ್ತವೆ. ಪ್ರಕಾಶಕರು ಕೃತಿಯ ಮೇಲೆ ಕಷ್ಟದ ಅಂಕವೊಂದನ್ನು ಹಾಕುವುದುಂಟು. ಒಂದು ಎಂದರೆ ಆರಂಭದವರಿಗೆ. ಐದು, ಆರು ಎಂದರೆ ನುರಿತವರಿಗೆ. ಆದರೆ ಒಂದೇ ಅಂಕ ಐದು ಪಾಲುಗಳ ಹಣೆಬರಹವನ್ನು ಹೇಳಲಾರದು. ಮೊದಲ ಪಿಟೀಲಿನ ಮಗುವಿಗೆ ಸೊಗಸಾದ ರಾಗ, ವಯೊಲಾದ ಮಗುವಿಗೆ ಪುಟವಿಡೀ ಎರಡೇ ಸ್ವರ. ಅಥವಾ ಮೇಲಿನ ಪಾಲುಗಳೆಲ್ಲ ಸುಲಭ, ಚೆಲ್ಲೋದ ಪಾಲು ಮಾತ್ರ ಬೆರಳಿಗೆ ನಿಲುಕದ್ದು. ಕೃತಿಯನ್ನು ಮೇಲಿನ ಗೆರೆಯಿಂದ ಓದುವವರಿಗೆ ಇದು ಕಾಣುವುದಿಲ್ಲ. ಆದುದರಿಂದ ಮೊದಲ ಸೂತ್ರವೆಂದರೆ, ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಎರಡನೆಯದು ಶ್ರುತಿ. ನಮ್ಮ ಕರ್ನಾಟಕ ಸಂಗೀತದ ಪಿಟೀಲನ್ನು ಹಾಡುವವರ ಶ್ರುತಿಗೆ ಹೊಂದಿಸಿ ಷಡ್ಜ ಪಂಚಮಗಳಿಗೆ ಕೂಡಿಸುತ್ತೇವೆ. ಪಾಶ್ಚಾತ್ಯರ ಪಿಟೀಲಿನ ನಾಲ್ಕು ತಂತಿಗಳು ಜಿ, ಡಿ, ಎ, ಇ ಎಂಬ ನಿಯತ ಸ್ವರಗಳಿಗೆ ಕೂಡಿರುತ್ತವೆ. ವಯೊಲಾ ಮತ್ತು ಚೆಲ್ಲೋಗಳಿಗೆ ಸಿ, ಜಿ, ಡಿ, ಎ. ಡಬಲ್ ಬಾಸಿಗೆ ಇ, ಎ, ಡಿ, ಜಿ. ನಾಲ್ಕು ಬಗೆಯ ವಾದ್ಯಗಳಿಗೂ ಸಮಾನವಾದ ತಂತಿಗಳು ಜಿ, ಡಿ, ಎ. ಈಗ ಡಿ ಮೇಜರ್ ಎಂಬ ಶ್ರುತಿಯನ್ನು ತೆಗೆದುಕೊಳ್ಳೋಣ. ಅದರ ಷಡ್ಜ ಡಿ, ಮಧ್ಯಮ ಜಿ, ಪಂಚಮ ಎ. ಎಂದರೆ ಆ ಸಂಗೀತ ನಿಂತಿರುವ ಮೂರು ಕಂಬಗಳೂ ಪ್ರತಿಯೊಂದು ವಾದ್ಯದಲ್ಲಿ ಬೆರಳನ್ನೇ ಇಡದೆ ದೊರೆಯುವ ಸ್ವರಗಳು. ಕಮಾನನ್ನು ನೆಟ್ಟಗೆ ಎಳೆಯಲು ಬಂದ ಮಗುವಿಗೆ ಅಲ್ಲಿ ಕೆಲಸವಿದೆ. ಅದೇ ಇ ಫ್ಲ್ಯಾಟ್ ಮೇಜರ್ ಆದರೆ ಎ ಮತ್ತು ಇ ತಂತಿಗಳು ಬೆರಳಿಲ್ಲದೆ ಆ ಶ್ರುತಿಗೆ ಸೇರುವುದಿಲ್ಲ. ಎಳೆಯ ಕೈ ಹಿಂದಕ್ಕೆ ಜಗ್ಗಿ ಕೋಮಲಸ್ವರವನ್ನು ಹುಡುಕಬೇಕು. ಮೊದಲ ವರ್ಷದ ಮಗು ಅಲ್ಲಿ ಸೋಲುವುದು ಅದರ ದೋಷವಲ್ಲ.

ಇದೆಲ್ಲ ಸಣ್ಣವರ ಕೆಲಸ, ದೊಡ್ಡ ಸಂಗೀತಗಾರರು ಇದಕ್ಕೆ ಕೈಹಾಕರು ಎಂದು ಯಾರಾದರೂ ಎಣಿಸಿದರೆ, ಅವರಿಗೆ 1950ರ ಒಂದು ಸಂಗತಿಯನ್ನು ಹೇಳಬೇಕು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನಲ್ಲಿ 1929ರಲ್ಲಿ ಮೇರಿ ಇಬರ್ಸನ್ ಎಂಬಾಕೆ ಹಳ್ಳಿಯವರಿಗಾಗಿ ಸಂಗೀತ ಶಾಲೆಯೊಂದನ್ನು ಆರಂಭಿಸಿದರು. ಅದು ಬೆಳೆದು ಗ್ರಾಮೀಣ ಸಂಗೀತ ಶಾಲೆಗಳ ಸಂಘವಾಯಿತು. ಅದರ ಇಪ್ಪತ್ತೊಂದನೆಯ ವರ್ಷದ ಉತ್ಸವಕ್ಕಾಗಿ ಒಂದು ಕೃತಿ ಬೇಕೆಂದು ಸಂಘದವರು ಕೇಳಿದ್ದು ಆ ನಾಡಿನ ಹಿರಿಯ ವಾಗ್ಗೇಯಕಾರ ವಾನ್ ವಿಲಿಯಮ್ಸ್ ಅವರನ್ನು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ಅವರು ಬರೆದುಕೊಟ್ಟ 'ಕಾನ್ಚೆರ್ತೊ ಗ್ರೊಸ್ಸೊ' ವಾದಕರನ್ನು ಮೂರು ತಂಡಗಳಾಗಿ ವಿಂಗಡಿಸುತ್ತದೆ. ಮೊದಲನೆಯದು ನುರಿತವರ ಚಿಕ್ಕ ತಂಡ. ಎರಡನೆಯದು, ಎಡಗೈಯನ್ನು ಸರಿಸಿ ಮೂರನೆಯ ಸ್ಥಾನದಲ್ಲಿ ನುಡಿಸಬಲ್ಲವರ ದೊಡ್ಡ ತಂಡ. ಮೂರನೆಯದು ಅಷ್ಟೂ ಬಾರದವರ ತಂಡ. ಅವರಲ್ಲಿ ಬೆರಳಿಡದ ತಂತಿಗಳನ್ನು ಮಾತ್ರ ನುಡಿಸಬಯಸುವವರಿಗೆ ಕೂಡ ಪ್ರತ್ಯೇಕವಾದ ಪಾಲುಂಟು. 1950ರ ನವೆಂಬರ್ 18ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸರ್ ಏಡ್ರಿಯನ್ ಬೋಲ್ಟ್ ಅವರ ನಿರ್ದೇಶನದಲ್ಲಿ ಸುಮಾರು ನಾನೂರು ಮಂದಿ ಕೂಡಿ ಅದನ್ನು ನುಡಿಸಿದರು. ಅಲ್ಲಿ ಕಮಾನನ್ನು ಸುಮ್ಮನೆ ಗಾಳಿಯಲ್ಲಿ ಆಡಿಸಬೇಕಾದ ಅವಶ್ಯಕತೆ ಯಾರಿಗೂ ಇರಲಿಲ್ಲ.

ಅದೇ ವರ್ಷ ಅದೇ ಸಭಾಂಗಣದಲ್ಲಿ ನಡೆದ ಇನ್ನೊಂದು ಕಛೇರಿಯನ್ನು ಕನ್ನಡಿಗರು ಅಭಿಮಾನದಿಂದ ನೆನೆಯುತ್ತಾರೆ. ಮೇ 22ರಂದು ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಗೀತೆಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗ, ಅದಕ್ಕೆ ಧನಸಹಾಯದ ಬೆಂಬಲವಿತ್ತವರು ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು. ಅದು ರಸಿಕ ಪ್ರಭುವೊಬ್ಬರ ಔದಾರ್ಯ. ನಮಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಶಾಲೆ ನಡೆಸುವವರು ಪಾಠ ಕಲಿಯಬೇಕಾದದ್ದು ಮೇ ತಿಂಗಳ ಕಛೇರಿಯಿಂದಲ್ಲ, ನವೆಂಬರಿನ ಕಛೇರಿಯಿಂದ. ಪರಿಣತರ ಪರಾಕಾಷ್ಠೆಯನ್ನು ಪೋಷಿಸುವುದು ಒಂದು ಪುಣ್ಯ. ಆರಂಭದವರಿಗೆ ಸ್ಥಾನ ಕೊಡುವುದು ಇನ್ನೊಂದು ಪುಣ್ಯ. ಮೊದಲನೆಯದನ್ನು ಅನುಕರಿಸಹೊರಟು ಎರಡನೆಯದನ್ನು ಮರೆಯುವುದು ಶಾಲೆಗೆ ತಕ್ಕದ್ದಲ್ಲ.

ಗುಸ್ತಾವ್ ಹೋಲ್ಸ್ಟ್ ಅವರ ಉದಾಹರಣೆ ಇನ್ನೂ ಹತ್ತಿರದ್ದು. ಏಕೆಂದರೆ ಅವರು ಸ್ವತಃ ಶಾಲೆಯ ಮೇಷ್ಟರು. ಲಂಡನ್ನಿನ ಸೇಂಟ್ ಪಾಲ್ಸ್ ಬಾಲಿಕಾ ಶಾಲೆಯಲ್ಲಿ 1905ರಿಂದ 1934ರಲ್ಲಿ ತೀರಿಕೊಳ್ಳುವ ತನಕ ಅವರು ಸಂಗೀತ ಕಲಿಸಿದರು. ಆ ಶಾಲೆಯ ವೃಂದಕ್ಕಾಗಿ ಬರೆದ 'ಸೇಂಟ್ ಪಾಲ್ಸ್ ಸ್ವೀಟ್' ಇಂದು ಜಗತ್ತಿನ ದೊಡ್ಡ ವೃಂದಗಳೂ ನುಡಿಸುವ ಕೃತಿ. ಕೀರ್ತಿಯೇ ಗುರಿಯಾಗಿದ್ದರೆ ಅವರು ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಅದು ಕಿರಿಯರ ಕೈಗೆ ಕಷ್ಟ. 1933ರಲ್ಲಿ, ದೇಹಸ್ಥಿತಿ ತೀರ ಕೆಟ್ಟಿದ್ದ ದಿನಗಳಲ್ಲಿ, ಆ ಶಾಲೆಯ ಕಿರಿಯ ವೃಂದಕ್ಕಾಗಿ ಅದಕ್ಕಿಂತ ಸುಲಭವಾದ 'ಬ್ರೂಕ್ ಗ್ರೀನ್ ಸ್ವೀಟ್' ಬರೆದುಕೊಟ್ಟರು. ಸುಲಭವಾಯಿತೆಂದು ಅದರ ಸ್ವಾರಸ್ಯವೇನೂ ಕುಂದಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೀಗೆ ಎಲ್ಲರಿಗೂ ಒಗ್ಗುವಂತೆ ಆರಿಸುತ್ತ ಹೋದರೆ ಮಟ್ಟ ಇಳಿದುಹೋಗುವುದಿಲ್ಲವೆ, ಚುರುಕಾದ ಮಕ್ಕಳಿಗೆ ಬೇಸರವಾಗುವುದಿಲ್ಲವೆ ಎಂದು. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸುಲಭವೆಂಬ ಒಂದೇ ಗುಣದ, ಸಂಗೀತವೇ ಇಲ್ಲದ ಪುಟಗಳೂ ಅಂಗಡಿಯಲ್ಲಿ ಬೇಕಾದಷ್ಟಿವೆ. ನಾನು ಹೇಳುತ್ತಿರುವುದು ಅವನ್ನಲ್ಲ. ಹಂಗರಿಯ ಬಾರ್ಟಾಕ್, ಪಿಟೀಲಿನ ಶಿಕ್ಷಕ ಎರಿಕ್ ಡೋಫ್ಲೈನ್ ಕೇಳಿಕೊಂಡದ್ದರಿಂದ, 1931ರಲ್ಲಿ ಎರಡು ಪಿಟೀಲುಗಳಿಗೆ ನಲವತ್ತನಾಲ್ಕು ಚಿಕ್ಕ ಕೃತಿಗಳನ್ನು ಬರೆದರು. ಹೆಚ್ಚಿನವು ಜನಪದ ಮಟ್ಟುಗಳನ್ನು ಆಧರಿಸಿದವು. ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಮೊದಲ ಮೆಟ್ಟಿಲಿನಲ್ಲಿಯೂ ಬಾರ್ಟಾಕ್ ಬಾರ್ಟಾಕರೇ. ನಮಗೆ ಇದು ಹೊಸ ಮಾತೇನಲ್ಲ. ಮಾಯಾಮಾಳವಗೌಳದ ಸರಳೆವರಿಸೆಗಳನ್ನೂ ಮಲಹರಿಯ ಪಿಳ್ಳಾರಿ ಗೀತೆಗಳನ್ನೂ ಪುರಂದರದಾಸರಿಂದ ಬಂದವೆಂದು ನಮ್ಮ ಸಂಪ್ರದಾಯ ಗೌರವಿಸುತ್ತದೆ. ಮಗುವಿನ ಮೊದಲ ಗೀತೆಯನ್ನು ಕಟ್ಟುವುದು ಮಹನೀಯರಿಗೆ ತಕ್ಕ ಕೆಲಸವೆಂದು ಈ ನಾಡು ಬಹು ಹಿಂದೆಯೇ ಒಪ್ಪಿದೆ.

ದೊಡ್ಡ ಕೃತಿಗಳನ್ನು ಮಕ್ಕಳಿಗಾಗಿ ಇಳಿಸಿದ ರೂಪಾಂತರಗಳ ವಿಷಯದಲ್ಲಿಯೂ ವಿವೇಚನೆ ಬೇಕು. ಬೀತೋವನ್ ಒಂಬತ್ತನೆಯ ಸಿಂಫನಿಯ ಆನಂದಗೀತೆಯ ಮಟ್ಟನ್ನು ನೋಡಿ. ಮೂಲದಲ್ಲಿಯೇ ಅದು ಡಿ ಮೇಜರ್. ಬಹುಮಟ್ಟಿಗೆ ಅಕ್ಕಪಕ್ಕದ ಐದು ಸ್ವರಗಳಲ್ಲಿ ಮುಗಿಯುತ್ತದೆ. ಅಲ್ಲದೆ ಅದನ್ನು ಮೊದಲು ನುಡಿಸುವವರು ಚೆಲ್ಲೋ ಮತ್ತು ಡಬಲ್ ಬಾಸಿನವರು. ಮಕ್ಕಳಿಗೆ ಕೊಟ್ಟರೆ ಅದರ ಜೀವಕ್ಕೆ ಹಾನಿಯಿಲ್ಲ. ಮೊಟ್ಸಾರ್ಟನ ನಲವತ್ತನೆಯ ಸಿಂಫನಿಯ ಆರಂಭವಾದರೋ ಹಾಗಲ್ಲ. ಪಿಟೀಲಿನ ರಾಗದ ಕೆಳಗೆ ವಯೊಲಾಗಳ ಬಿಡುವಿಲ್ಲದ ಮಿಡಿತವಿದೆ. ಸುಲಭಮಾಡುವ ನೆಪದಲ್ಲಿ ಆ ಮಿಡಿತವನ್ನು ತೆಗೆದರೆ ಉಳಿಯುವುದು ಹೆಸರೊಂದೇ. ಪ್ರಸಿದ್ಧವಾದ ಹೆಸರಿಗಾಗಿ ಕೃತಿಯನ್ನು ಕೊಳ್ಳುವವರು ಅನೇಕ ಬಾರಿ ಹೆಸರನ್ನಷ್ಟೇ ಕೊಂಡಿರುತ್ತಾರೆ.

ಹಾಗಾದರೆ ಶಿಕ್ಷಕರು ಮಾಡಬೇಕಾದದ್ದೇನು? ಪುಸ್ತಕವನ್ನು ಕೊಳ್ಳುವ ಮುನ್ನ ತಮ್ಮ ವೃಂದದ ಹಾಜರಿ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಳ್ಳಲಿ. ಒಂದೊಂದು ಹೆಸರಿನ ಎದುರಿಗೂ, ಈ ಮಗು ಈ ಪುಟದಲ್ಲಿ ಏನನ್ನು ನುಡಿಸುತ್ತದೆ ಎಂದು ಕೇಳಿಕೊಳ್ಳಲಿ. ಪ್ರತಿ ಗುಂಪಿಗೂ ಒಮ್ಮೆಯಾದರೂ ರಾಗ ದೊರೆಯುತ್ತದೆಯೇ ಎಂದು ನೋಡಲಿ. ವಯೊಲಾ ಇಲ್ಲದ ಶಾಲೆಯಾದರೆ, ಅದರ ಪಾಲನ್ನು ಮೂರನೆಯ ಪಿಟೀಲಿಗೆ ಬರೆದುಕೊಟ್ಟ ಮುದ್ರಣಗಳಿವೆ, ಅವನ್ನು ತರಿಸಲಿ. ಇಷ್ಟಾದರೂ ಒಂದು ಮಗು ಹೊರಗುಳಿದರೆ ತಾವೇ ಒಂದು ಹಾಳೆಯ ಮೇಲೆ ಅದಕ್ಕೊಂದು ಪಾಲು ಬರೆಯಲಿ. ಡಿ ಮೇಜರಿನ ಸರಳವಾದ ಕೃತಿಯಲ್ಲಿ ಮುಖ್ಯವಾದ ಸ್ವರಮೇಳಗಳು ಮೂರು. ಆ ಮೂರಕ್ಕೂ ಆಧಾರಸ್ವರಗಳು ಡಿ, ಜಿ, ಎ ಎಂಬ ಬೆರಳಿಡದ ತಂತಿಗಳೇ. ಎಲ್ಲಿ ಯಾವುದನ್ನು ಎಳೆಯಬೇಕೆಂದು ಗುರುತು ಹಾಕುವುದು ಅರ್ಧ ಗಂಟೆಯ ಕೆಲಸ. ಹಕ್ಕುಸ್ವಾಮ್ಯವಿರುವ ಕೃತಿಯಾದರೆ ಪ್ರಕಾಶಕರ ಅನುಮತಿ ಕೇಳಬೇಕು. ಅದಕ್ಕೆ ಒಂದು ಪತ್ರ ಸಾಕು.

ಶಾಲೆಯ ಆಡಳಿತದವರಿಗೂ ತಂದೆತಾಯಿಗಳಿಗೂ ಒಂದು ಮಾತು. ಮೇಷ್ಟರು ಪ್ರಸಿದ್ಧ ಕೃತಿಯನ್ನು ಆರಿಸುವುದು ಎಷ್ಟೋ ವೇಳೆ ನಮ್ಮ ಮೆಚ್ಚುಗೆಗಾಗಿ. ಕಾರ್ಯಕ್ರಮದ ಪಟ್ಟಿಯಲ್ಲಿ ದೊಡ್ಡ ಹೆಸರು ಕಾಣದಿದ್ದರೆ ಮೂಗು ಮುರಿಯುವವರು ನಾವು. ಹಿಂದಿನ ಸಾಲಿನ ಅಪಸ್ವರಕ್ಕೆ ನಗುವವರೂ ನಾವೇ. ನಮ್ಮ ನಗುವಿಗೆ ಹೆದರಿದ ಮೇಷ್ಟರು ಮಗುವಿನ ಕಮಾನನ್ನು ತಂತಿಯಿಂದ ಮೇಲೆತ್ತಿಸುತ್ತಾರೆ. ಅಪಸ್ವರವನ್ನು ತಿದ್ದಬಹುದು. ನುಡಿಸದೆಯೇ ನುಡಿಸಿದಂತೆ ಕಾಣಿಸುವುದನ್ನು ಶಾಲೆಯೇ ಕಲಿಸಿಬಿಟ್ಟರೆ, ಅದನ್ನು ಮುಂದೆ ತಿದ್ದುವವರು ಯಾರು? ಆ ವಿದ್ಯೆ ಸಂಗೀತಕ್ಕೆ ಮಾತ್ರ ಸೀಮಿತವಾಗಿ ಉಳಿಯುತ್ತದೆಂಬ ಧೈರ್ಯ ನನಗಿಲ್ಲ.

ಆ ಹುಡುಗ ಹೊರಡುವಾಗ, "ಬರೋ ವರ್ಷ ನುಡಿಸ್ತೀನಿ ಸಾರ್" ಎಂದಿದ್ದ. ಅವನು ನುಡಿಸುವನೋ ಇಲ್ಲವೋ ಎಂಬುದು ಅವನ ಸಾಧನೆಯೊಂದನ್ನೇ ಅವಲಂಬಿಸಿಲ್ಲ. ಈ ವರ್ಷ ಮೇಜಿನ ಮೇಲೆ ಯಾವ ಪುಸ್ತಕ ಬರುತ್ತದೆ ಎಂಬುದನ್ನೂ ಅವಲಂಬಿಸಿದೆ. ಅದನ್ನು ಆರಿಸುವವರು ಅವನನ್ನು ನೆನೆದು ಆರಿಸಲಿ ಎಂಬುದಷ್ಟೇ ನನ್ನ ಬಿನ್ನಹ.