ಕಡಲತಳದ ರಕ್ಷಣೆಯೂ ಶಬ್ದದ ಉಪಯೋಗವೂ

ನೆಲವನ್ನು ಉತ್ತ ರೈತನು ಬೀಜವನ್ನು ಬಿತ್ತುವನು, ಗೊಬ್ಬರವನ್ನಿಕ್ಕುವನು, ಬೆಳೆಯು ಬರುವವರೆಗೆ ಕಾಯುವನು. ಕಡಲತಳದಲ್ಲಿ ಟ್ರಾಲ್ ಬಲೆಯನ್ನೆಳೆಯುವುದೂ ಒಂದು ಬಗೆಯ ಉಳುಮೆಯೇ ಎಂದು ವಾದಿಸುವವರುಂಟು. ಈ ಹೋಲಿಕೆಯು ಸರಿಯಾದುದಲ್ಲ. ಬಲೆಯ ಬಾಯನ್ನು ತೆರೆದಿಡುವ ಭಾರವಾದ ಹಲಗೆಗಳೂ ಅಡಿಯ ಹಗ್ಗವೂ ತಳವನ್ನು ಕೆರೆದು, ಮರಿಮೀನುಗಳಿಗೆ ಆಶ್ರಯವಾದ ಜೀವರಾಶಿಯನ್ನು ಕಿತ್ತುಹಾಕುವುವು. ಅಲ್ಲಿ ಮರಳಿ ಬಿತ್ತುವವರು ಯಾರೂ ಇಲ್ಲ. ಈ ದೂರು ಹೊಸದೂ ಅಲ್ಲ. ಇಂತಹುದೇ ಬಲೆಯೊಂದು ನೀರಡಿಯ ಸಸ್ಯಗಳನ್ನೂ ಸಿಂಪಿಯ ಮರಿಗಳನ್ನೂ ನಾಶಮಾಡುತ್ತಿದೆಯೆಂದು ಇಂಗ್ಲೆಂಡಿನ ಪಾರ್ಲಿಮೆಂಟಿಗೆ ೧೩೭೬ರಲ್ಲಿಯೇ ಅರ್ಜಿಯು ಬಂದಿದ್ದಿತು.

ಬಲೆಯನ್ನು ತಳಕ್ಕೆ ತಾಗಿಸದೆ ಎಳೆಯಲು ಇರುವ ಮುಖ್ಯ ಅಡ್ಡಿಯೆಂದರೆ, ಅದು ಮೀನುಗಾರನ ಕಣ್ಣಿಗೆ ಕಾಣದಿರುವುದು. ಈ ಕೊರತೆಯನ್ನು ಶಬ್ದವು ತುಂಬಬಲ್ಲುದು. ಬೆಳಕು ನೀರಿನಲ್ಲಿ ಬೇಗನೆ ಕುಂದುವುದು. ಶಬ್ದವಾದರೋ ಸೆಕೆಂಡಿಗೆ ಸುಮಾರು ೧೫೦೦ ಮೀಟರು ವೇಗದಿಂದ ಸಾಗಿ, ತಳಕ್ಕೂ ಮೀನಿನ ಹಿಂಡಿಗೂ ತಗುಲಿ ಹಿಂದಿರುಗುವುದು. ಹಿಂದಿರುಗಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕಹಾಕಬಹುದು. ಈಗ ಬಲೆಗೂ ಹಲಗೆಗಳಿಗೂ ಕಟ್ಟುವ ಸಣ್ಣ ಯಂತ್ರಗಳು ದೊರೆಯುತ್ತಿದ್ದು, ತಾವು ತಳದಿಂದೆಷ್ಟು ಎತ್ತರದಲ್ಲಿರುವುವೆಂಬುದನ್ನು ಅವು ಶಬ್ದದ ಮೂಲಕವೇ ದೋಣಿಗೆ ತಿಳಿಸುವುವು. ಅದನ್ನನುಸರಿಸಿ ಹಗ್ಗದ ಉದ್ದವನ್ನೂ ದೋಣಿಯ ವೇಗವನ್ನೂ ಹೊಂದಿಸಿದರೆ, ಇದಕ್ಕೆ ತಕ್ಕಂತೆ ರಚಿಸಿದ ಹಲಗೆಗಳನ್ನು ನೆಲಕ್ಕೆ ತಾಗದಂತೆ ನಡೆಸಬಹುದು. ತಳದ ಮೇಲೆ ಎಳೆತವು ತಗ್ಗಿದಷ್ಟೂ ಇಂಧನವೂ ಉಳಿಯುವುದು.

ಸಿಗಡಿಯಂತಹವು ತಳದಲ್ಲಿಯೇ ವಾಸಿಸುವುದರಿಂದ ಅಲ್ಲಿ ಬಲೆಯನ್ನು ಪೂರ್ತಿಯಾಗಿ ಮೇಲೆತ್ತಲಾಗದೆಂಬುದು ನಿಜ. ಆದರೂ ಹಾನಿಯನ್ನು ಕಡಿಮೆ ಮಾಡುವ ದಾರಿಯುಂಟು. ಅಲಾಸ್ಕದ ಬೇರಿಂಗ್ ಸಮುದ್ರದಲ್ಲಿ ಚಪ್ಪಟೆ ಮೀನು ಹಿಡಿಯುವವರು ಹಲಗೆಗೂ ಬಲೆಗೂ ನಡುವಣ ಉದ್ದವಾದ ಹಗ್ಗಗಳನ್ನು ಉರುಳೆಗಳ ಮೇಲೆ ನೆಲದಿಂದೆತ್ತಿಯೇ ಎಳೆಯಬೇಕೆಂದು ೨೦೧೧ರಲ್ಲಿ ನಿಯಮವಾಯಿತು.

ಇನ್ನೊಂದು ಎಚ್ಚರಿಕೆಯೂ ಅವಶ್ಯಕವು. ನಾರ್ವೆಯ ವಿಜ್ಞಾನಿ ಆಸ್ಕರ್ ಸುಂಡ್ ಎಂಬವರು ಮೀನಿನ ಹಿಂಡುಗಳ ಪ್ರತಿಧ್ವನಿಯ ಚಿತ್ರವನ್ನು ೧೯೩೫ರಲ್ಲಿ ಪ್ರಕಟಿಸಿದರು. ಅಂದಿನಿಂದ ಶಬ್ದಯಂತ್ರವು ಮೀನನ್ನು ಹುಡುಕುವುದಕ್ಕೇ ಹೆಚ್ಚಾಗಿ ಬಳಕೆಯಾಗಿದೆ. ಕೊನೆಯ ಹಿಂಡನ್ನೂ ಹುಡುಕಿ ಹಿಡಿಯುವುದು ಬಿತ್ತನೆಯ ಕಾಳನ್ನು ಉಂಡಂತೆಯೇ ಸರಿ.

ಕರ್ನಾಟಕದ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಉಳಿದ ಹತ್ತು ತಿಂಗಳು ತಳವನ್ನು ಕಾಯುವವರು ಯಾರು? ದೋಣಿಗಳಿಗೆ ಬಂಡವಾಳ ಹೂಡುವ ಭೂಮಾಲಿಕರೂ, ಸಹಕಾರ ಸಂಘಗಳನ್ನು ನಡೆಸುವ ಗ್ರಾಮಮುಖಂಡರೂ ಮೀನು ಹುಡುಕುವ ಯಂತ್ರದೊಡನೆ ತಳವನ್ನುಳಿಸುವ ಯಂತ್ರವನ್ನೂ ಕೊಳ್ಳುವಂತೆ ಒತ್ತಾಯಿಸತಕ್ಕದ್ದು. ಒಬ್ಬರಿಗೆ ಭಾರವಾದರೆ ಹಲವರು ಸೇರಿ ಒಂದೆರಡು ದೋಣಿಗಳಲ್ಲಿ ಮೊದಲು ಪರೀಕ್ಷಿಸಿ ನೋಡಲಿ. ಕೆರೆಯಂಗಳವನ್ನು ಕಾಯುವುದು ಊರಿನ ಕರ್ತವ್ಯವೆಂದು ಬಲ್ಲವರಿಗೆ ಕಡಲಂಗಳದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.